ಕರ್ನಲ್ಲಿನಲ್ಲಿ ಅತ್ತೆಗೆ ಜಾಗವಿಲ್ಲ

ಹೊಸ್ತಿಲಪ್ಪ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ‘ನಾನು ಒಳಗೇ ಇರಬೇಕಾದ ಅಗತ್ಯವಾದರೂ ಏನು?’ ಎಂದು ಯೋಚಿಸಿ, ಸರಿಯಾದ ಉತ್ತರ ಸಿಗದೆ, ಡಾಕ್ಟರು ಹೇಳಿದ್ದಕ್ಕಿಂತ ಬಹಳ ಮೊದಲೇ ಹೊರಗೆ ಬಂದವನು. ಇದು ನಮ್ಮ ಕಾರ್ಖಾನೆಯಲ್ಲಿ ಎಲ್ಲರೂ ನಂಬಿಕೊಂಡು ಬಂದಿರುವ ಚರಿತ್ರೆ. ಹೊರಗೆ ಬಂದ ಕೂಸು ಅಳಲಿಲ್ಲವಂತೆ. ಕೋಣೆಯನ್ನೊಮ್ಮೆ ದಿಟ್ಟಿಸಿ ನೋಡಿ, ಕೆಲಸವಿಲ್ಲದೆ ನಿಂತಿದ್ದ ಸೋದರತ್ತೆಯ ಕಡೆ ಬೆರಳು ತೋರಿಸಿ, ಆಕೆ ಹೊರಗೆ ಹೋಗುವ ತನಕ ಹಾಲು ಮುಟ್ಟಲಿಲ್ಲವಂತೆ. ಸೋದರತ್ತೆ ಈ ಕಥೆಯನ್ನು ಇವತ್ತಿಗೂ ಒಪ್ಪುವುದಿಲ್ಲ. ಹೊರಗೆ ಹೋದದ್ದನ್ನು ಮಾತ್ರ ಒಪ್ಪುತ್ತಾಳೆ.

ಶಾಲೆಗೆ ಹೋಗುವಾಗ ಉಳಿದ ಮಕ್ಕಳೆಲ್ಲ ಬೆನ್ನು ಬಾಗಿ ಹೋಗುವಷ್ಟು ಪುಸ್ತಕ ಹೊತ್ತರೆ, ಇವನ ಚೀಲದಲ್ಲಿ ಒಂದು ಪೆನ್ಸಿಲು. ಮೇಷ್ಟ್ರು ಗದರಿಸಿದಾಗ, “ಉಳಿದಿದ್ದೆಲ್ಲ ಪಕ್ಕದವನ ಚೀಲದಲ್ಲಿದೆ ಸಾರ್, ಬೇಕಾದಾಗ ಕೇಳಿ ತಗೋತೀನಿ” ಎಂದನಂತೆ. ಪಕ್ಕದವನ ಬೆನ್ನು ಈಗಲೂ ಸ್ವಲ್ಪ ವಾಲಿಕೊಂಡೇ ಇದೆ.

ಮದುವೆಯಾದ ಹೊಸತರಲ್ಲಿ ಫ್ರಿಜ್ಜನ್ನು ಅಡುಗೆಮನೆಯಿಂದ ನಡುಮನೆಗೆ ಸಾಗಿಸಿದ. “ನೀರು ಬೇಕು ಅನ್ನೋರಿಗೆಲ್ಲ ಒಲೆ ತನಕ ದಾರಿ ಬಿಡಬೇಕಾ?” ಎಂಬುದು ಅವನ ವಾದ. ಆಮೇಲೆ ಮಿಕ್ಸಿ ಹೊರಬಿತ್ತು, ಪಾತ್ರೆಯ ಕಪಾಟು ಹೊರಬಿತ್ತು. ಒಗ್ಗರಣೆ ಡಬ್ಬಿಗೆ ಕೈ ಹಾಕಿದ ದಿನ ಹೆಂಡತಿ ಸೌಟು ಎತ್ತಿಕೊಂಡಳು. ಚಳವಳಿ ಅಲ್ಲಿಗೆ ನಿಂತಿತು. ಆಕೆ ಹಲ್ಲಿನ ಡಾಕ್ಟರು. ಯಾವುದು ಒಳಗಿರಬೇಕು, ಯಾವುದು ಹೊರಗೆ ಬರಬೇಕು ಎಂದು ತೀರ್ಮಾನಿಸುವುದೇ ಆಕೆಯ ಕಸುಬೂ ಆದ್ದರಿಂದ ಸಂಸಾರ ಹೇಗೋ ಹೊಂದಿಕೊಂಡು ಹೋಯಿತು. ವ್ಯತ್ಯಾಸ ಇಷ್ಟೇ: ಆಕೆ ಕೀಳುವ ಮೊದಲು ಮರಗಟ್ಟಿಸುವ ಸೂಜಿ ಕೊಡುತ್ತಾಳೆ, ಇವನು ಕೊಡುವುದಿಲ್ಲ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ಆದರೆ ಯಾವ ವಸ್ತು ಕಂಡರೂ ಬಾಗಿಲಲ್ಲಿ ನಿಂತು “ಇದು ಒಳಗೇ ಇರಬೇಕಾ?” ಎಂದು ಕೇಳುವ ಮನುಷ್ಯನಿಗೆ ಹೊಸ್ತಿಲಪ್ಪ ಎನ್ನದೆ ಇನ್ನೇನನ್ನುವುದು?

ಇಂಥ ಗುಣ ಬೇರೆ ಯಾರಿಗಾದರೂ ಇದ್ದಿದ್ದರೆ ಊರವರು ಓಡಿಸುತ್ತಿದ್ದರು. ಹೊಸ್ತಿಲಪ್ಪನಿಗೆ ಇದೇ ಅನ್ನ ಕೊಟ್ಟಿತು. ನಮ್ಮದು ಲಿಫ್ಟಿನ ಮಿದುಳು ತಯಾರಿಸುವ ಕಾರ್ಖಾನೆ. ಲಿಫ್ಟಿನ ಮೇಲಿನ ಮೋಟಾರು ಕೋಣೆಯಲ್ಲಿ ಬೂದು ಬಣ್ಣದ ಒಂದು ಪೆಟ್ಟಿಗೆ ಇರುತ್ತದಲ್ಲ, ಅದು ನಮ್ಮದು. ಅದರೊಳಗೆ ಒಂದು ಪುಟ್ಟ ಕಂಪ್ಯೂಟರು. ಆ ಕಂಪ್ಯೂಟರಿನ ಎಲ್ಲ ಕೆಲಸಗಳಿಗೂ ಯಜಮಾನಿಕೆ ಮಾಡುವ ಒಳತಿರುಳಿಗೆ ಕರ್ನಲ್ ಎನ್ನುತ್ತಾರೆ. ಅದರ ಆಶ್ರಯದಲ್ಲಿ, ಅದರ ಅಪ್ಪಣೆ ಕೇಳಿಕೊಂಡು ಬದುಕುವ ಉಳಿದ ಪ್ರೋಗ್ರಾಮುಗಳ ಜಾಗಕ್ಕೆ ಯೂಸರ್ ಸ್ಪೇಸ್ ಎನ್ನುತ್ತಾರೆ. ಯಾವುದು ಕರ್ನಲ್ಲಿನ ಒಳಗೆ, ಯಾವುದು ಹೊರಗೆ ಎಂದು ತೀರ್ಮಾನಿಸುವ ಅಧಿಕಾರ ಹೊಸ್ತಿಲಪ್ಪನ ಕೈಯಲ್ಲಿ. ಕಾರ್ಖಾನೆ ನೋಡಲು ಬಂದವರಿಗೆ ಅವನು ವಿವರಿಸುವ ಬಗೆ ಹೀಗೆ:

“ಒಂದು ಮನೆ ಅಂದ್ಕೊಳ್ಳಿ. ಅಡುಗೆಮನೇಲಿ ಒಲೆ ಉರೀತಿದೆ. ಜಗಲೀಲಿ ನಾಲ್ಕು ಜನ ಇಸ್ಪೀಟಾಡ್ತಾ ಕೂತಿದಾರೆ. ಜಗಲೀಲಿ ಒಬ್ಬ ತಲೆ ತಿರುಗಿ ಬಿದ್ದ ಅಂದ್ರೆ ನೀರು ಚಿಮುಕಿಸಿ ಎಬ್ಬಿಸಬಹುದು. ಆಟ ನಡೀತಾ ಇರುತ್ತೆ. ಅದೇ ಮನುಷ್ಯ ಒಲೆ ಮೇಲೆ ಬಿದ್ದ ಅಂದ್ರೆ? ಮನೇನೇ ಹೋಯ್ತು. ಅಡುಗೆಮನೆ ಕರ್ನಲ್ಲು, ಜಗಲಿ ಯೂಸರ್ ಸ್ಪೇಸು. ಆದಷ್ಟೂ ಜನಾನ ಜಗಲೀಲಿ ಕೂರಿಸ್ಬೇಕು.”

ಬಂದವರು ತಲೆದೂಗಿ, “ಅಡುಗೆಮನೇಲಿ ಯಾರಿರ್ತಾರೆ ಹಾಗಾದ್ರೆ?” ಎಂದರೆ ಹೊಸ್ತಿಲಪ್ಪನ ಮುಖ ಕಳೆಗಟ್ಟುತ್ತದೆ. ಮೋಟಾರು. ಬಾಗಿಲು. ಗಡಿಯಾರ. ಯಾರ ಸರದಿ ಮೊದಲು ಎಂದು ಹೇಳುವ ಸಾಲಿನ ಲೆಕ್ಕ. ಮುಗಿಯಿತು. ದೀಪದ ಬಣ್ಣ ಒಳಗಿರಲಿ ಎಂದು ಬೇಡಿಕೊಂಡವರನ್ನು ಹೊರಗಟ್ಟಿದ್ದಾನೆ. ಫ್ಯಾನಿನ ವೇಗ ಒಳಗಿರಲಿ ಎಂದವರ ಜೊತೆ ಮಾತು ಬಿಟ್ಟಿದ್ದಾನೆ. ಅವನ ಕಾವಲಿನಲ್ಲಿ ಕರ್ನಲ್ಲು ತೊಳೆದಿಟ್ಟ ತಟ್ಟೆಯಂತೆ ಫಳಫಳ ಹೊಳೆಯುತ್ತಿದೆ ಎಂಬುದು ನಮ್ಮೆಲ್ಲರ ಹೆಮ್ಮೆ. ಅದನ್ನು ತೆರೆದು ನೋಡಿದವರು ಮಾತ್ರ ಯಾರೂ ಇಲ್ಲ. ನೋಡಲು ಅವನು ಬಿಟ್ಟರೆ ತಾನೆ?

ಅಂಥ ಕಠೋರ ಮನುಷ್ಯನಿಗೂ ಒಂದು ಮೃದು ಜಾಗವಿತ್ತು. ಲಿಫ್ಟಿನ ಗೋಡೆಯಲ್ಲಿ ಅಂಗೈ ಅಗಲದ ಒಂದು ತೆರೆ ಇರುತ್ತದೆ. ಮಹಡಿಯ ಅಂಕಿ ತೋರಿಸುವುದು ಅದರ ಕೆಲಸ. ಹೊಸ್ತಿಲಪ್ಪ ಒಂದು ಮಳೆಗಾಲದ ಬಿಡುವಿನಲ್ಲಿ ಆ ಅಂಕಿಯ ಹಿಂದೆ ಚಿತ್ರದ ಕೆಂಪು ಮೀನುಗಳನ್ನು ಬಿಟ್ಟಿದ್ದ. ಆಹಾ, ಅವು ಈಜುವ ಚೆಂದ! ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ. ದೊಡ್ಡ ಮೀನೊಂದು ತೆರೆಯ ಅಂಚಿಗೆ ಬಂದು ಬಾಲ ಬೀಸಿ ತಿರುಗುವುದನ್ನು ನೋಡಲೆಂದೇ ಮೂರನೇ ಮಹಡಿಯವರು ಐದನೇ ಮಹಡಿಗೆ ಹೋಗಿ ಇಳಿದು ಬರುತ್ತಿದ್ದರು. ಆ ಮೀನು ಒಮ್ಮೆಯೂ ತಡವರಿಸಿದ್ದಿಲ್ಲ.

ಈಗ ಅತ್ತೆಯವರ ಪ್ರವೇಶ.

ಹೊಸ್ತಿಲಪ್ಪನ ಅತ್ತೆ, ಅಂದರೆ ಹೆಂಡತಿಯ ತಾಯಿ, ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿಗಳು ಬರುವುದು-ಹೋಗುವುದನ್ನು ಸಾರುತ್ತಿದ್ದವರು. ಕಂಠವೆಂದರೆ ಅದು ಕಂಠ. ಗಾಡಿ ತಡವಾಗಿದೆ ಎಂದು ಆಕೆ ಸಾರಿದರೆ ಜನ ಸಿಟ್ಟಾಗುವ ಬದಲು ಇನ್ನೊಮ್ಮೆ ಸಾರಲಿ ಎಂದು ಕಾಯುತ್ತಿದ್ದರಂತೆ. ಆಕೆ ಇನ್ನೂ ಹೆಸರು ಕೂಗಿಲ್ಲ ಎಂಬ ಕಾರಣಕ್ಕೆ ಒಂದು ಗಾಡಿ ಸಿಗ್ನಲ್ಲಿನ ಹತ್ತಿರ ಸಂಕೋಚದಿಂದ ನಿಂತಿತ್ತು ಎಂಬ ಮಾತೂ ಇದೆ. ಒಂದು ದಿನ ಸ್ಟೇಷನ್ನಿಗೆ ಯಂತ್ರದ ಹೆಣ್ಣುದನಿ ಬಂತು. ಅದಕ್ಕೆ ನೆಗಡಿಯಿಲ್ಲ, ರಜೆಯಿಲ್ಲ. ಅತ್ತೆ ಮನೆಗೆ ಬಂದರು. ಬಂದವರು ಆ ಸ್ಟೇಷನ್ನಿನಿಂದ ಗಾಡಿ ಹತ್ತುವುದನ್ನೇ ಬಿಟ್ಟರು. ಎಲ್ಲಿಗೆ ಹೋಗಬೇಕಾದರೂ ಬಸ್ಸು.

ಕಳೆದ ವರ್ಷ ಒಂದು ಕಣ್ಣಿನ ಆಸ್ಪತ್ರೆಯವರು ನಮ್ಮ ಯಜಮಾನರಲ್ಲಿಗೆ ಬಂದು, ಮಾತಾಡುವ ಲಿಫ್ಟು ಬೇಕು ಎಂದರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಹೋಗುವವರಿಗೆ ಮಹಡಿಯ ಅಂಕಿ ಕಾಣುವುದಿಲ್ಲವಲ್ಲ. ಯಜಮಾನರಿಗೆ ಹೊಸ್ತಿಲಪ್ಪನ ಅತ್ತೆಯ ನೆನಪಾಯಿತು; ಅವರೂ ಒಂದು ಕಾಲದಲ್ಲಿ ಆ ದನಿಗೆ ಮರುಳಾಗಿ ಗಾಡಿ ತಪ್ಪಿಸಿಕೊಂಡವರೇ. ಹೇಳಿ ಕಳಿಸಿದರು. ಅತ್ತೆ ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದು, ಶಬ್ದ ಹಿಡಿಯುವ ಕೋಣೆಯಲ್ಲಿ ಕೂತು, ಬಾಟಲಿಯಿಂದ ಒಂದು ಗುಟುಕು ನೀರು ಕುಡಿದು ಆರಂಭಿಸಿದರು:

“ಪ್ರಯಾಣಿಕರ ಗಮನಕ್ಕೆ. ನೆಲಮಹಡಿಯಿಂದ ಹೊರಟು, ಒಂದು ಮತ್ತು ಎರಡನೇ ಮಹಡಿಗಳ ಮಾರ್ಗವಾಗಿ ಮೂರನೇ ಮಹಡಿಗೆ ತೆರಳುವ ಲಿಫ್ಟು…”

“ಅಮ್ಮಾ,” ಎಂದಳು ಮಿಂಚು, “ನೀವು ಇಷ್ಟು ಹೇಳೋಷ್ಟರಲ್ಲಿ ಲಿಫ್ಟು ಹೋಗಿ ಬಂದಿರುತ್ತೆ.” ಮಿಂಚು ಎಂದರೆ ದನಿಯ ಪ್ರೋಗ್ರಾಮು ಬರೆಯುವ ನಮ್ಮ ಸಹೋದ್ಯೋಗಿ. ಯೋಚಿಸುವುದಕ್ಕಿಂತ ವೇಗವಾಗಿ ಬರೆಯುತ್ತಾಳೆಂದು ಆ ಹೆಸರು. “‘ಮೂರನೇ ಮಹಡಿ’ ಅನ್ನಿ ಸಾಕು.”

“ಬರೀ ಮೂರನೇ ಮಹಡಿ? ಎಲ್ಲಿಂದ ಬಂತು, ಯಾಕೆ ಬಂತು, ಏನೂ ಬೇಡವಾ?”

“ಬೇಡಮ್ಮ.”

ಅತ್ತೆ ನಿಟ್ಟುಸಿರು ಬಿಟ್ಟು ಚಿಕ್ಕದಾಗಿಯೇ ಹೇಳಿದರು. ಆದರೂ ಆ ‘ಮೂರನೇ ಮಹಡಿ’ಯಲ್ಲಿ ಒಂದು ರೈಲಿನ ಗಾಂಭೀರ್ಯವಿತ್ತು. ಮನೆಗೆ ಹೋಗಿ ಸ್ಟೇಷನ್ನಿನ ಹಳೆಯ ಗೆಳತಿಯರಿಗೆಲ್ಲ ಫೋನು ಮಾಡಿದರು: “ಮತ್ತೆ ಶುರು ಮಾಡಿದೀನಿ ಕಣ್ರೇ. ಆಸ್ಪತ್ರೆ ಲಿಫ್ಟು ನಡೆಯೋ ದಿನ ಎಲ್ಲರೂ ಬರಬೇಕು, ಕಣ್ಣು ಚೆನ್ನಾಗಿದ್ರೂ ಸರಿ.”

ಇಲ್ಲಿಯವರೆಗೆ ಎಲ್ಲ ಸುಸೂತ್ರ. ನಮ್ಮ ಕಾರ್ಖಾನೆಯ ಐದು ಮಹಡಿಯ ಲಿಫ್ಟಿನಲ್ಲಿ ಸೋಮವಾರ ದನಿಯನ್ನು ಪರೀಕ್ಷೆಗೆ ಹಾಕಿದಾಗ ಕೆಟ್ಟಿತು. “ಮೂ… ಮೂ… ಮೂರ… ನೇಮ… ಹಡಿ” ಎಂದಿತು ಲಿಫ್ಟು. ನಾಲ್ಕನೆಯದಂತೂ ನಾಲಗೆ ಸುಟ್ಟುಕೊಂಡವರು ಹೇಳಿದಂತಿತ್ತು. ಮಧ್ಯಾಹ್ನದ ಹೊತ್ತಿಗೆ ಕಾರ್ಖಾನೆಯವರೆಲ್ಲ ಒಬ್ಬರಿಗೊಬ್ಬರು “ಊ… ಊ… ಊಟಾಯ್ತಾ?” ಎಂದು ಕೇಳತೊಡಗಿದರು. ಹೊಸ್ತಿಲಪ್ಪ, ಮಿಂಚು ಇಬ್ಬರನ್ನೂ ಯಜಮಾನರು ಕೋಣೆಗೆ ಕರೆಸಿದರು. ನಾವು ಕಿಟಕಿಯ ಹತ್ತಿರ ಏನೋ ಕೆಲಸವಿದ್ದವರಂತೆ ಸೇರಿದೆವು.

“ಏನಯ್ಯಾ ಇದು? ನಿಮ್ಮತ್ತೆ ಕಂಠ ಕಂಚಿನ ಗಂಟೆ. ಲಿಫ್ಟಲ್ಲಿ ಕೇಳಿದ್ರೆ ಬಿಕ್ಕಳಿಕೆ ಬಂದೋರ ಥರ ಇದೆ.”

“ದನಿ ಯೂಸರ್ ಸ್ಪೇಸಲ್ಲಿದೆ ಸರ್,” ಎಂದಳು ಮಿಂಚು. “ಜಗಲೀಲಿ ಕೂತು ಸರದಿ ಕಾಯುತ್ತೆ. ಸರದಿ ಬರೋದು ತಡ ಆದಾಗೆಲ್ಲ ತೊದಲುತ್ತೆ. ಕರ್ನಲ್ ಒಳಗೆ ಹಾಕ್ಬಿಟ್ರೆ ಯಾರನ್ನೂ ಕಾಯೋ ಹಾಗಿಲ್ಲ. ಸಂಜೆಯೊಳಗೆ ಮಾಡಿ ಕೊಡ್ತೀನಿ.”

“ಬೇಡ,” ಎಂದ ಹೊಸ್ತಿಲಪ್ಪ.

“ಯಾಕೆ ಬೇಡ?”

“ಇವತ್ತು ದನಿ ಬರುತ್ತೆ. ನಾಳೆ ದನಿಯ ತಮ್ಮ ಸಂಗೀತ ಬರ್ತಾನೆ. ನಾಡಿದ್ದು ಹವಾಮಾನ ಹೇಳ್ಬೇಕು ಅಂತೀರಿ. ಕೊನೆಗೆ ಒಲೆ ಪಕ್ಕದಲ್ಲೇ ಎಲ್ಲರೂ ಹಾಸಿಗೆ ಹಾಸ್ಕೊಂಡು ಮಲಗಿರ್ತಾರೆ.”

“ಯಾರೋ ಹೊರಗಿನವರನ್ನ ಬಿಡು ಅಂತಿಲ್ಲಯ್ಯಾ. ನಿಮ್ಮತ್ತೆ!”

“ಅತ್ತೆ ಅಂತಾನೇ ಇನ್ನೂ ಯೋಚನೆ ಮಾಡ್ಬೇಕು ಸರ್.”

ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆಂದರೆ ಯಾರ ಮುಖವೂ ಕಾಣದೆ ಧೈರ್ಯವಾಗಿ ಮಾತಾಡುತ್ತಾರೆಂದು ಅರ್ಥ. “ಶುಕ್ರವಾರ ಆಸ್ಪತ್ರೆ ಡಾಕ್ಟರು ಬಂದು ಕೇಳ್ತಾರೆ. ಅಷ್ಟರೊಳಗೆ ದನಿ ಸರಿಯಾಗಿ ಬರಬೇಕು. ಇಲ್ಲಾಂದ್ರೆ ಯಂತ್ರದ ದನಿ ಸಿದ್ಧವಾಗಿದೆ, ಚಿಕ್ಕದು, ಎಲ್ಲಿ ಕೂರಿಸಿದ್ರೂ ಕೂರುತ್ತೆ. ಅದನ್ನೇ ಹಾಕಿಸ್ತೀನಿ. ನಿಮ್ಮತ್ತೆಗೆ ನೀನೇ ಹೇಳು.”

ಆ ಯಂತ್ರದ ದನಿಯೋ, ಸ್ಟೇಷನ್ನಿನಲ್ಲಿ ಅತ್ತೆಯನ್ನು ಮನೆಗೆ ಕಳಿಸಿದ್ದರ ಖಾಸಾ ತಂಗಿ.

ಹೊಸ್ತಿಲಪ್ಪ ಹೇಳಬೇಕಾಗಿ ಬರಲಿಲ್ಲ. ಅವನು ಮನೆ ತಲುಪುವಷ್ಟರಲ್ಲಿ ಸುದ್ದಿ ತಲುಪಿ, ಸುದ್ದಿಯ ಹಿಂದೆಯೇ ಅತ್ತೆಯೂ ತಲುಪಿ, ಎರಡು ಚೀಲ ಸಮೇತ ನಡುಮನೆಯಲ್ಲಿ, ಫ್ರಿಜ್ಜಿನ ಪಕ್ಕದಲ್ಲಿ ಕೂತಿದ್ದರು.

“ಅಳಿಯಂದಿರೇ, ನನ್ನನ್ನ ಒಳಗೆ ಬಿಡಲ್ಲ ಅಂದ್ರಂತೆ.”

“ನಿಮ್ಮನ್ನಲ್ಲ ಅತ್ತೆ, ನಿಮ್ಮ ದನೀನ.”

“ನನ್ನ ಹತ್ರ ಇನ್ನೇನಿದೆ?”

 ಹೊಸ್ತಿಲಪ್ಪ ಕರ್ನಲ್ಲಿನ ಪಾವಿತ್ರ್ಯದ ಬಗ್ಗೆ ಏನೋ ಹೇಳಲು ಹೋದ. ಅತ್ತೆ ಅಂದಿನಿಂದ ಅವನ ಜೊತೆ ಮಾತು ಬಿಟ್ಟರು. ಮಾತು ಬಿಟ್ಟರೆಂದರೆ ಸುಮ್ಮನಾದರು ಎಂದಲ್ಲ, ಸಾರತೊಡಗಿದರು. ಬೆಳಿಗ್ಗೆ ಕಣ್ಣು ಬಿಡುತ್ತಲೇ ಕೇಳಿಸುತ್ತಿತ್ತು:

“ಅಳಿಯಂದಿರ ಗಮನಕ್ಕೆ. ಏಳು ಗಂಟೆಗೆ ಬರಬೇಕಾಗಿದ್ದ ಚಹಾ ಅನಿರ್ದಿಷ್ಟ ಕಾಲ ತಡವಾಗಿ ಬರಲಿದೆ. ಆಗುವ ತೊಂದರೆಗೆ ಯಾರಿಗೂ ವಿಷಾದವಿಲ್ಲ.”

ಸ್ನಾನಕ್ಕೆ ಹೋದರೆ, “ಬಿಸಿನೀರು ಇಂದು ಈ ಮಾರ್ಗವಾಗಿ ಬರುವುದಿಲ್ಲ.” ಪಕ್ಕದ ಮನೆಯವರು ತಮ್ಮ ಗಡಿಯಾರ ಸರಿಮಾಡಿಕೊಳ್ಳತೊಡಗಿದರು. ಎದುರುಮನೆಯ ಅಜ್ಜ ಒಂದು ಬೆಳಿಗ್ಗೆ ಪೆಟ್ಟಿಗೆ ಹಿಡಿದುಕೊಂಡು ಬಂದು, “ನಮ್ಮ ಗಾಡಿ ಯಾವ ಕಡೆಯಿಂದ?” ಎಂದು ಕೇಳಿದನಂತೆ.

ಇದೆಲ್ಲ ನಮಗೆ ತಿಳಿದದ್ದು ಹೊಸ್ತಿಲಪ್ಪನ ಹೆಂಡತಿಯ ಮೂಲಕ. ಕಾರ್ಖಾನೆಯವರೆಲ್ಲರ ಹಲ್ಲೂ ಆಕೆಯ ಕೈಯಲ್ಲಿ. ಬಾಯಿ ತೆರೆದುಕೊಂಡು ಕೂತವರಿಗೆ ಕಥೆ ಹೇಳುವುದು ಆಕೆಗೆ ಇಷ್ಟ, ನಡುವೆ ಬಾಯಿ ಹಾಕುವವರಿಲ್ಲವಲ್ಲ. ಅದೇ ಅನುಕೂಲವನ್ನು ಆಕೆ ಬುಧವಾರ ಗಂಡನ ಮೇಲೂ ಬಳಸಿದಳು. ಹೊಸ್ತಿಲಪ್ಪನ ಹಿಂದಿನ ದವಡೆಯಲ್ಲಿ ಒಂದು ಹಲ್ಲು ಬಹಳ ದಿನದಿಂದ ಅಲುಗುತ್ತಿತ್ತು. ಕುರ್ಚಿಯಲ್ಲಿ ಮಲಗಿಸಿ, ದೀಪ ಎಳೆದು, ಬಾಯಿಗೆ ಹತ್ತಿ ತುರುಕಿ, ಕೊರೆಯುವ ಯಂತ್ರ ಕೈಗೆತ್ತಿಕೊಂಡು ಕೇಳಿದಳು:

“ರೀ, ಈ ಹಲ್ಲು ಒಳಗಿರಬೇಕಾ, ಹೊರಗಿರಬೇಕಾ?”

ಹೊಸ್ತಿಲಪ್ಪ ಕಣ್ಣು ಅಗಲ ಮಾಡಿದ.

“ಕಷ್ಟ ಅಲ್ವಾ ಹೇಳೋದು? ಅಮ್ಮ ನಿನ್ನೆ ಊಟ ಮಾಡಿಲ್ಲ. ಸ್ಟೇಷನ್ನಿಂದ ಬಂದ ದಿನಾನೂ ಹೀಗೇ ಇದ್ಲು. ಆವಾಗ ನನ್ನ ಕೈಲಿ ಏನೂ ಇರ್ಲಿಲ್ಲ. ಈಗ ಇದೆ.” ಯಂತ್ರವನ್ನೊಮ್ಮೆ ‘ಗುಂಯ್’ ಎನ್ನಿಸಿದಳು. “ಒಂದು ಸಲ ಒಳಗೆ ಹಾಕಿ ನೋಡಿ. ಕೆಟ್ರೆ ತೆಗೀರಿ. ನಾನು ಎಷ್ಟು ಹಲ್ಲು ತೆಗ್ದಿಲ್ಲ?”

ಹತ್ತಿ ತೆಗೆದು, ಬಾಯಿ ಮುಕ್ಕಳಿಸಿ, ಹೊಸ್ತಿಲಪ್ಪ ಸೋತ ಸೇನಾಪತಿಯ ದನಿಯಲ್ಲಿ ಹೇಳಿದ: “ನಾಳೆ ಒಂದು ದಿನ. ನಮ್ಮ ಕಟ್ಟಡದ ಲಿಫ್ಟಲ್ಲಿ ಮಾತ್ರ. ಒಳಗೆ ಹಾಕಿ ಅನ್ನೋರೆಲ್ಲ ಒಳಗೆ ನಿಂತ್ಕೋಬೇಕು. ನಾನು ಹೊರಗಿರ್ತೀನಿ.”

ಗುರುವಾರ ಬೆಳಿಗ್ಗೆ ಮಿಂಚು ದನಿಯನ್ನು ಕರ್ನಲ್ಲಿಗೆ ಸೇರಿಸಿದಳು. ಸೇರಿಸುವ ಜಾಗವನ್ನು ಹೊಸ್ತಿಲಪ್ಪ ಬೆರಳಿಟ್ಟು ತೋರಿಸಿದ. ಆಚೆ ಈಚೆ ನೋಡದ ಹಾಗೆ ಕಂಪ್ಯೂಟರಿನ ಉಳಿದ ತೆರೆಗೆ ಅಂಗೈ ಅಡ್ಡ ಹಿಡಿದಿದ್ದ. ಅತ್ತೆ, ಯಜಮಾನರು, ಮಿಂಚು ಮೂವರೂ ಲಿಫ್ಟು ಹತ್ತಿದರು. ನಾವೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ನಿಂತೆವು. ಬಾಗಿಲು ಮುಚ್ಚಿತು.

“ಒಂದನೇ ಮಹಡಿ.”

ಏನು ಹೇಳಲಿ! ಒಂದು ತೊದಲಿಲ್ಲ, ಒಂದು ಬಿಕ್ಕಿಲ್ಲ. ಮೆಟ್ಟಿಲ ಮೇಲಿದ್ದವರು ಚಪ್ಪಾಳೆ ತಟ್ಟಿದರು. “ಎರಡನೇ ಮಹಡಿ” ಎಂದಾಗ ಲೆಕ್ಕಪತ್ರದವಳು ಕಣ್ಣೊರೆಸಿಕೊಂಡಳು. ಹೊಸ್ತಿಲಪ್ಪ ಒಬ್ಬನೇ ಗೋಡೆಗೆ ಕಿವಿಯಿಟ್ಟು, ಮುಂದೆ ಬರಲಿರುವ ಅನಾಹುತಕ್ಕೆ ಸ್ವಾಗತ ಕೋರುವವನಂತೆ ನಿಂತಿದ್ದ.

ಅನಾಹುತ ಸಮಯಕ್ಕೆ ಸರಿಯಾಗಿ ಬಂತು. ನಡೆದದ್ದು ಇಷ್ಟು: ಅತ್ತೆ ಹಿಂದಿನ ದಿನ ಮಿಂಚುವನ್ನು ಪುಸಲಾಯಿಸಿ ಒಂದೇ ಒಂದು ಮಹಡಿಗೆ, ಮೂರನೆಯದಕ್ಕೆ, ತಮ್ಮ ಪೂರ್ತಿ ಪಾಠ ಹೇಳಿ ಹಿಡಿಸಿದ್ದರು. “ನನ್ನ ಗೆಳತಿಯರಿಗೋಸ್ಕರ ಕಣಮ್ಮ, ಒಂದೇ ಒಂದು.” ಮಿಂಚು ಮಿಂಚಿನಂತೆ ಸೇರಿಸಿದ್ದಳು. ಆದರೆ ಮಾತಿಗೆಂದು ಅವಳು ಕರ್ನಲ್ಲಿನಲ್ಲಿ ಕಾದಿರಿಸಿದ್ದ ಜಾಗ ಎರಡು ಪದದಷ್ಟೇ. ಅದನ್ನು ಹಿಗ್ಗಿಸಲು ಮರೆತಿದ್ದಳು.

“ಪ್ರಯಾಣಿಕರ ಗಮನಕ್ಕೆ. ನೆಲಮಹಡಿಯಿಂದ ಹೊರಟು, ಒಂದು ಮತ್ತು ಎರಡನೇ…”

ಮಾತು ತನ್ನ ಜಾಗ ತುಂಬಿ, ಉಕ್ಕಿ, ಪಕ್ಕದಲ್ಲಿದ್ದ ಮೋಟಾರಿನ ಲೆಕ್ಕದ ಮೇಲೆ ಚೆಲ್ಲಿತು. ಜಗಲಿಯಲ್ಲಾಗಿದ್ದರೆ ದನಿಯೊಂದೇ ಬೀಳುತ್ತಿತ್ತು, ನೀರು ಚಿಮುಕಿಸಿದರೆ ಏಳುತ್ತಿತ್ತು. ಇದು ಒಲೆಯ ಮೇಲೆಯೇ ಬಿತ್ತು. ಮೋಟಾರು ನಿಂತಿತು, ಬಾಗಿಲು ತೆರೆಯುವುದನ್ನೇ ಮರೆಯಿತು, ದೀಪ ಆರಿತು, ಫ್ಯಾನು ಸುಮ್ಮನಾಯಿತು, ಅಪಾಯದ ಗಂಟೆಯ ಗುಂಡಿಯೂ ಅದೇ ಪೆಟ್ಟಿಗೆಯ ಮೂಲಕ ಹೋಗುವುದರಿಂದ ಅದೂ ಸತ್ತಿತು. ಬ್ರೇಕು ಮಾತ್ರ ಯಾವ ಕರ್ನಲ್ಲಿಗೂ ಜಗ್ಗದ ಶುದ್ಧ ಕಬ್ಬಿಣವಾದ್ದರಿಂದ ‘ಟಕ್’ ಎಂದು ಹಿಡಿದು, ಲಿಫ್ಟನ್ನು ಎರಡು ಮತ್ತು ಮೂರನೇ ಮಹಡಿಗಳ ನಡುವೆ ಭದ್ರವಾಗಿ ನಿಲ್ಲಿಸಿತು. ಮೇಲಿನ ಮೋಟಾರು ಕೋಣೆಯ ಬೀಗದ ಕೈ ಲಿಫ್ಟು ಮೆಕ್ಯಾನಿಕನ ಸೊಂಟದಲ್ಲಿ. ಮೆಕ್ಯಾನಿಕ ರಸ್ತೆಯಾಚೆ ಚಹಾ ಅಂಗಡಿಯಲ್ಲಿ.

“ನಾನು ಹೇಳಿರಲಿಲ್ವಾ?” ಎಂದ ಹೊಸ್ತಿಲಪ್ಪ ನಮ್ಮ ಕಡೆ ತಿರುಗಿ. ಆ ಕ್ಷಣದಲ್ಲಿ ಅವನ ಮುಖದಲ್ಲಿದ್ದ ಸಂತೋಷವನ್ನು ಬರೆದರೆ ಅವನ ಹೆಂಡತಿ ಓದುತ್ತಾಳೆ. ಆದ್ದರಿಂದ ಬರೆಯುವುದಿಲ್ಲ.

ಲಿಫ್ಟಿನೊಳಗೆ ಯಜಮಾನರು ಗಂಟೆಯ ಗುಂಡಿಯನ್ನು ಒತ್ತಿ ಒತ್ತಿ ಸೋತಿದ್ದರು. ಆಗ ಕತ್ತಲಿನೊಳಗಿಂದ, ಯಾವ ಪೆಟ್ಟಿಗೆಯ ನೆರವೂ ಇಲ್ಲದೆ, ಕಂಚಿನ ಗಂಟೆ ಮೊಳಗಿತು.

“ಗಮನಿಸಿ! ಲಿಫ್ಟು ಮೆಕ್ಯಾನಿಕರ ಗಮನಕ್ಕೆ! ತಾವು ಎಲ್ಲಿದ್ದರೂ ಕೂಡಲೇ ಮೋಟಾರು ಕೋಣೆಗೆ ಬರತಕ್ಕದ್ದು!”

ಲಿಫ್ಟು ಓಡಾಡುವ ಬಾವಿಯಂಥ ಕಿಂಡಿಯಲ್ಲಿ ದನಿ ಮೇಲೆ ಕೆಳಗೆ ಓಡಾಡಿ, ಮೆಟ್ಟಿಲಿಳಿದು, ರಸ್ತೆ ದಾಟಿತು. ಮೆಕ್ಯಾನಿಕ ಅರ್ಧ ಚಹಾ ಅಂಗಿಯ ಮೇಲೆ ಸುರಿದುಕೊಂಡು ಓಡಿ ಬಂದ. ಅವನ ಹಿಂದೆ ಚಹಾ ಅಂಗಡಿಯವನು, ಅವನ ಹಿಂದೆ ಬಸ್ಸಿಗೆ ಕಾಯುತ್ತಿದ್ದ ಇಬ್ಬರು.

“ಇನ್ನೊಂದು ಸಲ ಸಾರಲಾ ಯಜಮಾನ್ರೇ?”

“ಸಾಕಮ್ಮ, ಕಿವಿ ಹೋಯ್ತು.”

ಮೆಕ್ಯಾನಿಕ ಮೇಲಿನ ಚಕ್ರವನ್ನು ಕೈಯಿಂದ ತಿರುಗಿಸಿ ಲಿಫ್ಟನ್ನು ಇಂಚು ಇಂಚಾಗಿ ಇಳಿಸತೊಡಗಿದ. ಅದಕ್ಕೆ ಹೊತ್ತು ಹಿಡಿಯುತ್ತದೆ. ಒಳಗೆ ಬೆಳಕೆಂದರೆ ಗೋಡೆಯ ಪುಟ್ಟ ತೆರೆಯೊಂದೇ. ಕೊನೆಯ ಚಿತ್ರ ಅದರಲ್ಲಿ ಹಾಗೇ ಹೆಪ್ಪುಗಟ್ಟಿತ್ತು: ದೊಡ್ಡ ಮೀನು, ಬಾಲ ಎತ್ತಿ, ಅರ್ಧ ತಿರುಗಿ. ನೋಡಲು ಬೇರೇನೂ ಇಲ್ಲದೆ ಅತ್ತೆ ಅದನ್ನೇ ನೋಡುತ್ತ ನಿಂತರು. ಎಷ್ಟೋ ಹೊತ್ತಿನ ಮೇಲೆ ಅವರ ದನಿ ಕಿಂಡಿಯಲ್ಲಿ ಮೇಲೆ ಬಂತು, ಈ ಸಲ ಸಾರುವ ಧಾಟಿಯಲ್ಲಲ್ಲ.

“ಅಳಿಯಂದಿರೇ.”

“ಹೇಳಿ ಅತ್ತೆ.”

“ಸೋಮವಾರದಿಂದ ದಿನಾ ನನ್ನ ದನಿ ಕೇಳೋಕೆ ಬಂದು ಈ ಲಿಫ್ಟಲ್ಲಿ ಓಡಾಡಿದೀನಿ. ಈ ಮೀನು ತಿರುಗಿದಾಗೆಲ್ಲ ನನ್ನ ದನಿ ತೊದಲ್ತಾ ಇತ್ತು.”

“ಹಾಂ… ಇರಬಹುದು.”

“ಇವತ್ತು ನನ್ನ ದನಿ ತೊದಲ್ಲಿಲ್ಲ. ನಾನು ‘ಒಂದನೇ ಮಹಡಿ’ ಅಂದೆ, ಮೀನು ಕುಂಟಿತು. ‘ಎರಡನೇ ಮಹಡಿ’ ಅಂದೆ, ಮತ್ತೆ ಕುಂಟಿತು. ನಾನೂ ನನ್ನ ವಾರಗಿತ್ತೀನೂ ಒಂದೇ ಅಡುಗೆಮನೇಲಿದ್ದಾಗ ಹೀಗೇ ಆಗ್ತಿತ್ತು. ನಾನು ಸೌಟು ಎತ್ತಿದ್ರೆ ಅವಳ ಕೈ ನಿಲ್ತಿತ್ತು.”

ಮೆಟ್ಟಿಲ ಮೇಲಿದ್ದ ನಾವೆಲ್ಲ ಲಿಫ್ಟಿನ ಬಾಗಿಲಿನ ಹತ್ತಿರ ಸರಿದೆವು. ಚಹಾ ಅಂಗಡಿಯವನಿಗೂ ಏನೋ ಗೊತ್ತಾಗುತ್ತಿರುವ ಹಾಗಿತ್ತು.

“ಈ ಮೀನು ಎಲ್ಲಿದೆ ಅಳಿಯಂದಿರೇ? ಒಳಗೋ, ಹೊರಗೋ?”

ಹೊಸ್ತಿಲಪ್ಪ ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆಯುತ್ತಿದ್ದ.

ಮಿಂಚುವಿನ ದನಿ ಬಂತು: “ಸರ್? ಮೀನು… ಕರ್ನಲ್ ಒಳಗಿದೆಯಾ ಸರ್?”

“ಚಿಕ್ಕ ಮೀನು,” ಎಂದ ಹೊಸ್ತಿಲಪ್ಪ.

“ಕೇಳಿಸ್ಲಿಲ್ಲ,” ಎಂದರು ಯಜಮಾನರು.

“ಅಳಿಯಂದಿರು ಹೇಳೋದೇನಂದ್ರೆ,” ಎಂದು ಅತ್ತೆ ಪೂರ್ತಿ ಕಂಠದಲ್ಲಿ, ಐದೂ ಮಹಡಿಗೆ, ರಸ್ತೆಗೆ, ಬಸ್ ನಿಲ್ದಾಣಕ್ಕೆ ಕೇಳುವ ಹಾಗೆ ಸಾರಿದರು, “ಕರ್ನಲ್ಲಿನ ಒಳಗೆ ಮೀನುಗಳಿವೆ! ಪುನಃ ಹೇಳುತ್ತೇನೆ, ಒಳಗೆ ಮೀನುಗಳಿವೆ!”

ವಿಷಯ ಇಷ್ಟು. ಆ ಮಳೆಗಾಲದಲ್ಲಿ ಮೀನುಗಳನ್ನು ಮೊದಲು ಹೊರಗೇ ಬಿಟ್ಟಿದ್ದ. ಸರದಿ ಕಾದು ಈಜಬೇಕಾದ್ದರಿಂದ ಅವು ಕುಪ್ಪಳಿಸುತ್ತಿದ್ದವು. ಹೊಸ್ತಿಲಪ್ಪನಿಗೆ ನೋಡಲಾಗಲಿಲ್ಲ. ಯಾರೂ ಇಲ್ಲದ ಹೊತ್ತು ನೋಡಿ, ಗಡಿಯಾರದ ಹಿಂದೆ ಜಾಗ ಮಾಡಿ, ಮೀನುಗಳನ್ನು ಒಂದೊಂದಾಗಿ ಒಳಗೆ ಸಾಗಿಸಿದ್ದ. ದೀಪವನ್ನು ಹೊರಗಟ್ಟಿದ, ಫ್ಯಾನನ್ನು ಹೊರಗಟ್ಟಿದ, ಅತ್ತೆಯನ್ನು ಬಾಗಿಲಲ್ಲೇ ತಡೆದ ಆ ಪರಮ ಕಾವಲುಗಾರನ ಒಳಮನೆಯಲ್ಲಿ ಇಷ್ಟು ವರ್ಷವೂ ಒಂದು ಕೊಳವಿತ್ತು. ದೊಡ್ಡ ಮೀನು ತಿರುಗುವಾಗ ಎಲ್ಲರ ಸರದಿಯನ್ನೂ ನುಂಗಿ ತಿರುಗುತ್ತಿತ್ತು. ತೊದಲು ಯಾಕೆ ಬಂತೆಂದು ನಾವು ಯಾರೂ ನೋಡಲೇ ಇಲ್ಲ. ಒಳಗೋ ಹೊರಗೋ ಎಂಬ ಯುದ್ಧದಲ್ಲಿ ಪುರುಸೊತ್ತೇ ಆಗಿರಲಿಲ್ಲ.

ಲಿಫ್ಟು ಎರಡನೇ ಮಹಡಿಗೆ ಇಳಿಯಿತು, ಬಾಗಿಲನ್ನು ಕೈಯಿಂದ ಎಳೆದು ತೆಗೆದರು. ಮೊದಲು ಹೊರಬಂದವರು ಯಜಮಾನರು, ಕನ್ನಡಕ ಕೈಯಲ್ಲೇ ಇತ್ತು. “ಮಧ್ಯಾಹ್ನದೊಳಗೆ,” ಎಂದರು, ಯಾವ ಕಂಬವನ್ನು ಹೊಸ್ತಿಲಪ್ಪ ಎಂದುಕೊಂಡರೋ ಅದಕ್ಕೆ, “ಎಲ್ಲ ಮೀನೂ ಹೊರಗಿರಬೇಕು.”

ಮಧ್ಯಾಹ್ನ ಹೊಸ್ತಿಲಪ್ಪ ಮೀನುಗಳನ್ನು ಹೊರಗೆ ತಂದ. ಮಿಂಚು ದನಿಯನ್ನೂ ಹೊರಗೆ ತಂದಳು. ಕರ್ನಲ್ಲಿನಲ್ಲಿ ಉಳಿದದ್ದು ಒಂದೇ ಹೊಸ ನಿಯಮ, ಅದೂ ಒಂದು ಸಾಲಿನದು: ಜಗಲಿಯಲ್ಲಿ ಅತ್ತೆಯ ದನಿ ಎದ್ದು ನಿಂತರೆ ಸಾಲಿನಲ್ಲಿ ಮುಂದೆ ಬಿಡುವುದು, ಮೀನುಗಳು ಕಟ್ಟಕಡೆಗೆ. ಅದನ್ನು ಹೊಸ್ತಿಲಪ್ಪ ಮೂರು ಸಲ ಅಳಿಸಿ ಬರೆದನೆಂದು ಮಿಂಚು ಹೇಳುತ್ತಾಳೆ.

ಶುಕ್ರವಾರ ಆಸ್ಪತ್ರೆಯ ದೊಡ್ಡ ಡಾಕ್ಟರು ಬಂದರು. ಲಿಫ್ಟು ಏರಿತು. “ಒಂದನೇ ಮಹಡಿ” ಎಂದು ಅತ್ತೆಯ ದನಿ ತುಂಬಿ ಹರಿಯಿತು. ಅದೇ ಗಳಿಗೆಯಲ್ಲಿ ದೊಡ್ಡ ಮೀನು ಟಣ್, ಟಣ್, ಟಣ್ ಎಂದು ಮೂರು ನೆಗೆತದಲ್ಲಿ ತಿರುಗಿತು. ಡಾಕ್ಟರು ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಕಣ್ಣು ಮುಚ್ಚಿ ನೋಡಿದರು, ಕನ್ನಡಕ ಒರೆಸಿದರು. ಇಳಿದ ಮೇಲೆ, “ದನಿ ಬಹಳ ಚೆನ್ನಾಗಿದೆ, ಇದೇ ಇರಲಿ” ಎಂದು ಹೇಳಿ, ತಮ್ಮ ಕಣ್ಣನ್ನು ತೋರಿಸಿಕೊಳ್ಳಲು ಲಗುಬಗೆಯಿಂದ ಹೊರಟರು. ಯಂತ್ರದ ದನಿ ತನ್ನ ಡಬ್ಬಿಯಲ್ಲೇ ಉಳಿಯಿತು.

ಆಸ್ಪತ್ರೆಯ ಲಿಫ್ಟು ಆರಂಭವಾದ ದಿನ ಸ್ಟೇಷನ್ನಿನ ಗೆಳತಿಯರೆಲ್ಲ ಬಂದು, ಮೇಲೆ ಕೆಳಗೆ ಓಡಾಡಿ, ಕಣ್ಣಿಗೆ ಪಟ್ಟಿ ಕಟ್ಟಿದವರಿಗೆ ಜಾಗವಿಲ್ಲದಂತೆ ಮಾಡಿದರು. ಅತ್ತೆ ನಡುವೆ ನಿಂತು ತಮ್ಮ ದನಿ ತಾವೇ ಕೇಳುತ್ತಿದ್ದರು. ಮೂರನೇ ಮಹಡಿಯ ಉದ್ದ ಪಾಠಕ್ಕೂ ಈಗ ಜಗಲಿಯಲ್ಲಿ ಬೇಕಾದಷ್ಟು ಜಾಗ. ಲಿಫ್ಟು ಮೂರನೇ ಮಹಡಿಯಲ್ಲಿ ಬಾಗಿಲು ತೆರೆದು, ಮುಚ್ಚಿ, ನಾಲ್ಕಕ್ಕೆ ಹೊರಟರೂ ಪಾಠ ಇನ್ನೂ ನಡೆದಿತ್ತು.

ಅದು ಮುಗಿದ ಮೇಲೆ ಅತ್ತೆ ಮೂಲೆಯಲ್ಲಿ ಚೀಲ ಹಿಡಿದು ನಿಂತಿದ್ದ ಅಳಿಯನ ಕಡೆ ತಿರುಗಿದರು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯುವ ಆಸೆಯಿಂದ.

“ಅಲ್ಲ ಅಳಿಯಂದಿರೇ, ಒಂದು ಮಾತು. ಇಷ್ಟು ವರ್ಷ ಮೀನಿಗೆ ಒಳಗೆ ಜಾಗ ಇತ್ತು. ನನಗೆ ಯಾಕಿರ್ಲಿಲ್ಲ?”

 ಮಿಂಚು ಕಿವಿ ನಿಮಿರಿಸಿದಳು. ಒಲೆ, ಜಗಲಿ, ಇಸ್ಪೀಟು, ವಿನ್ಯಾಸದ ಪರಮ ತತ್ತ್ವ, ಎಲ್ಲದರ ಸಾರ ಈಗ ಹೊರಬೀಳುತ್ತದೆಂದು ನಾವೆಲ್ಲ ಕಾದೆವು.

ಹೊಸ್ತಿಲಪ್ಪ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡ.

“ಮೀನು ಮಾತಾಡಲ್ಲ ಅತ್ತೆ,” ಎಂದ.